ಚಕ್ರ ನೆಲಕ್ಕೆ ಕೂತ ಮೇಲೆ ಬೋಲ್ಟ್ ಬಿಗಿ ಮಾಡಿ

ಕಳೆದ ತಿಂಗಳು ಗ್ಯಾರೇಜಿಗೆ ಒಂದು ಪಿಕಪ್ ಬಂತು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊರುವ ಗಾಡಿ. ಹಂಪ್ ದಾಟುವಾಗ ಮುಂದಿನಿಂದ ಕಟ್ ಕಟ್ ಸದ್ದು. ‘ಅಣ್ಣಾ, ಲೋವರ್ ಆರ್ಮ್ ಬುಷ್ ನಾನೇ ಮನೇಲಿ ಹಾಕಿದ್ದೆ. ಎರಡು ತಿಂಗಳೂ ಆಗಿಲ್ಲ. ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾರೆ’ ಅಂದ ಹುಡುಗ. ಲೋವರ್ ಆರ್ಮ್ ಅಂದರೆ ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ತೋಳು, ಬುಷ್ ಅಂದರೆ ಆ ತೋಳಿನ ಕೀಲಿನಲ್ಲಿ ಕೂರುವ ರಬ್ಬರ್ ತುಂಡು. ಬಿಚ್ಚಿ ನೋಡಿದೆ. ಮಾಲಿನಲ್ಲಿ ನನಗೇನೂ ದೋಷ ಕಾಣಲಿಲ್ಲ. ರಬ್ಬರ್ ಮಾತ್ರ ಒಳಗಿನ ಕೊಳವೆಯ ಸುತ್ತ ಹರಿದಿತ್ತು.

‘ಬೋಲ್ಟ್ ಬಿಗಿ ಮಾಡುವಾಗ ಚಕ್ರ ಎಲ್ಲಿತ್ತಪ್ಪ?’

‘ಗಾಡಿ ಸ್ಟ್ಯಾಂಡ್ ಮೇಲಿತ್ತು. ಚಕ್ರ ಬಿಚ್ಚಿಟ್ಟಿದ್ದೆ.’

ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಹೊಸ ಬುಷ್ ಎರಡೇ ತಿಂಗಳಲ್ಲಿ ಹೋಯಿತು ಅಂತ ಬರುವವರಲ್ಲಿ ಬಹಳಷ್ಟು ಜನರದ್ದು ಇದೇ ಕತೆ.

ಈ ಬುಷ್ಷಿನಲ್ಲಿ ಹೊರಗೊಂದು, ಒಳಗೊಂದು ಉಕ್ಕಿನ ಕೊಳವೆ ಇರುತ್ತದೆ. ನಡುವಿನ ರಬ್ಬರ್ ಎರಡಕ್ಕೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಯಾದರೆ ಒಳಗಿನ ಕೊಳವೆ ಅಲ್ಲಾಡುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡುವಾಗ ರಬ್ಬರೇ ತಿರುಚಿ ಮತ್ತೆ ನೆಟ್ಟಗಾಗಬೇಕು. ನಿಮ್ಮ ಮುಂಗೈಯನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ತಿರುಗಿಸಿ ನೋಡಿ. ಕೈ ಜಾರುವುದಿಲ್ಲ, ಚರ್ಮ ತಿರುಚುತ್ತದೆ, ಅಲ್ವಾ? ಅದೇ ಲೆಕ್ಕ. ಆರ್ಮ್ ಜೋತು ಬಿದ್ದಾಗ ಬಿಗಿ ಮಾಡಿದರೆ ರಬ್ಬರ್‌ಗೆ ಅದೇ ನೆಟ್ಟಗಿನ ಸ್ಥಿತಿ. ಗಾಡಿ ಕೆಳಗಿಳಿಸಿದ ಕೂಡಲೇ ಅದು ತಿರುಚಿಕೊಳ್ಳುತ್ತದೆ. ಸುಮ್ನೆ ನಿಂತಿದ್ದರೂ ತಿರುಚಿಕೊಂಡೇ ಇರುತ್ತದೆ. ಮೇಲೆ ಲೋಡು ಬಿತ್ತು, ಗುಂಡಿ ಬಂತು ಅಂದರೆ ಹರಿಯದೆ ಏನು ಮಾಡೀತು?

ಹಾಗಾಗಿ ಮೊದಲು ನಟ್ಟನ್ನು ಕೈಯಲ್ಲೇ ಕೂರಿಸಿ. ಚಕ್ರ ಹಾಕಿ, ಗಾಡಿ ಇಳಿಸಿ, ನಾಲ್ಕಡಿ ಹಿಂದೆ ಮುಂದೆ ತಳ್ಳಿ. ಮುಂಭಾಗವನ್ನು ಒತ್ತಿ ಒತ್ತಿ ಬಿಡಿ. ಆಮೇಲೆ ಟಾರ್ಕ್ ರೆಂಚಿನಲ್ಲಿ, ಅಂದರೆ ಎಷ್ಟು ಬಿಗಿಯಾಯಿತು ಅಂತ ಅಳತೆ ತೋರಿಸುವ ಸ್ಪ್ಯಾನರಿನಲ್ಲಿ, ಬಿಗಿ ಮಾಡಿ. ಕೆಳಗೆ ಕೈ ಹೋಗದಿದ್ದರೆ ನಾಲ್ಕೂ ಚಕ್ರದ ಕೆಳಗೆ ಅಗಲವಾದ ದಪ್ಪ ಹಲಗೆ ಕೊಡಿ. ಬರೀ ಜಾಕಿ ನಂಬಿ ಗಾಡಿ ಕೆಳಗೆ ನುಗ್ಗಬೇಡಿ, ಮನೆಯಲ್ಲಿ ಮಕ್ಕಳಿದ್ದಾರೆ.

‘ಲೋಡು ಹಾಕಿ ಬಿಗಿ ಮಾಡಲಾ?’ ಅಂತ ಕೆಲವರು ಕೇಳುತ್ತಾರೆ. ಸಾಮಾನ್ಯವಾಗಿ ಖಾಲಿ ಗಾಡಿಯಲ್ಲೇ ಮಾಡುತ್ತಾರೆ. ಆದರೂ ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿ. ಟಾರ್ಕ್ ಅಳತೆಯೂ ಅಲ್ಲೇ ಸಿಗುತ್ತದೆ, ನನ್ನ ಬಾಯಿಮಾತು ಬೇಡ. ಹಿಂದಿನ ಪ್ಲೇಟಿನ (ಲೀಫ್ ಸ್ಪ್ರಿಂಗಿನ) ರಬ್ಬರ್ ಬುಷ್ಷಿಗೂ ಇದೇ ಕ್ರಮ. ಪಾಲಿಯುರಿಥೇನ್ ಬುಷ್ ಬೇರೆ, ಅದು ಕೊಳವೆಯ ಮೇಲೆ ತಿರುಗುತ್ತದೆ. ಗ್ರೀಸ್ ಹೊಡೆಯುವ ಲೋಹದ ಬುಷ್ ಕೂಡ ಬೇರೆ. ಆ ಗ್ರೀಸನ್ನು ರಬ್ಬರಿಗೆ ಹಚ್ಚಬೇಡಿ, ಉಬ್ಬಿ ಮೆತ್ತಗಾಗುತ್ತದೆ.

ಆ ಹುಡುಗ ಹೊಸ ಬುಷ್ ತಂದ. ನಾನು ಒತ್ತಿ ಕೂರಿಸಿದೆ. ಗಾಡಿ ಇಳಿಸಿದ ಮೇಲೆ ರೆಂಚನ್ನು ಅವನ ಕೈಗೇ ಕೊಟ್ಟು, ಪಕ್ಕದಲ್ಲಿ ಕೂತು ಬಿಗಿ ಮಾಡಿಸಿದೆ. ಅಲ್ಲಿಂದ ನೇರ ವ್ಹೀಲ್ ಅಲೈನ್‌ಮೆಂಟಿಗೆ ಕಳಿಸಿದೆ.