ಡ್ಯಾಕ್ ಕೊಳ್ಳುವ ಮೊದಲು ಗುಂಯ್ ಎಲ್ಲಿಂದ ಬರ್ತಿದೆ ನೋಡಿ

ನಿಮ್ಮ ಮನೆಯಲ್ಲಿ ಈಗಾಗಲೇ ನಾಲ್ಕೈದು ಡ್ಯಾಕ್‌ಗಳಿವೆ. ಫೋನಿನಲ್ಲಿ ಒಂದು, ಲ್ಯಾಪ್‌ಟಾಪ್‌ನಲ್ಲಿ ಒಂದು, ಟಿವಿಯಲ್ಲಿ ಒಂದು, ಬ್ಲೂಟೂತ್ ಸ್ಪೀಕರ್ ಒಳಗೆ ಇನ್ನೊಂದು. ಫೈಲಿನಲ್ಲಿರುವ ಹಾಡು ಬರೀ ಅಂಕಿಗಳ ಸಾಲು. ಅದು ಸ್ಪೀಕರ್ ತಲುಪುವ ಮೊದಲು ಎಲ್ಲೋ ಒಂದು ಕಡೆ ವೋಲ್ಟೇಜಿನ ಏರಿಳಿತವಾಗಿ ಬದಲಾಗಲೇಬೇಕು. ಆ ಕೆಲಸ ಮಾಡುವುದೇ ಡ್ಯಾಕ್. ಮನೆಗಳಿಗೆ ಹೋಗಿ ಆಂಪ್ (ಸಿಗ್ನಲ್ ದೊಡ್ಡದು ಮಾಡಿ ಸ್ಪೀಕರ್ ನುಡಿಸುವ ಆಂಪ್ಲಿಫೈಯರ್), ಸ್ಪೀಕರ್ ಕೂರಿಸಿಕೊಡುವುದು ನನ್ನ ಕೆಲಸ. "ಒಂದು ಚಿಕ್ಕ ಡ್ಯಾಕ್ ಹಾಕಿದ್ರೆ ಸೌಂಡ್ ಚೆನ್ನಾಗಾಗತ್ತಾ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಈಗ ಇರುವುದರಲ್ಲಿ ಏನು ತೊಂದರೆ ಇದೆ?

ತೊಂದರೆ ಇದ್ದರೆ ಡ್ಯಾಕ್ ಬಹಳ ಒಳ್ಳೆಯ ಔಷಧಿ, ಬೆಲೆಯೂ ಕಮ್ಮಿ. ಇಲ್ಲದಿದ್ದರೆ ಅದರಿಂದ ಹಾಡು ಬದಲಾಗುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಸೆಕೆಂಡಿಗೆ 44,100 ಅಂಕಿಗಳಿರುತ್ತವೆ, ಎಡಕ್ಕೂ ಅಷ್ಟು, ಬಲಕ್ಕೂ ಅಷ್ಟು. ಒಂದೊಂದು ಅಂಕಿಯೂ 65,536 ಮಟ್ಟಗಳಲ್ಲಿ ಯಾವುದೋ ಒಂದನ್ನು ಹೇಳುತ್ತದೆ, 16 ಬಿಟ್ ಅನ್ನುವುದು ಇದನ್ನೇ. ಡ್ಯಾಕ್ ಅದನ್ನು ಸರಿಯಾದ ಕ್ಷಣಕ್ಕೆ ವೋಲ್ಟೇಜ್ ಮಾಡುತ್ತದೆ, ಜೊತೆಗಿರುವ ಫಿಲ್ಟರ್ ಅದನ್ನು ನಯವಾದ ಅಲೆಯಾಗಿಸುತ್ತದೆ. ಡಿಜಿಟಲ್ ಅಂದರೆ ಮೆಟ್ಟಿಲು ಮೆಟ್ಟಿಲಾದ ಅಲೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೊರಗೆ ಬರುವ ತಂತಿಯಲ್ಲಿ ಅಂಥ ಮೆಟ್ಟಿಲು ಇರುವುದಿಲ್ಲ. 1982ರಲ್ಲಿ ಸಿ.ಡಿ. ಪ್ಲೇಯರ್ ಮಾರುಕಟ್ಟೆಗೆ ಬಂದಾಗ ಫಿಲಿಪ್ಸ್ ತನ್ನ ಪ್ಲೇಯರ್‌ಗಳಿಗೆ 14 ಬಿಟ್‌ನ ಚಿಪ್ ಹಾಕಿ, ಓವರ್‌ಸ್ಯಾಂಪ್ಲಿಂಗ್ ಅನ್ನುವ ಜಾಣತನದಿಂದ 16 ಬಿಟ್‌ನ ಕೆಲಸ ತೆಗೆಯಿತು. ಆಗ ಅಷ್ಟು ಕಷ್ಟವಾಗಿದ್ದ ಕೆಲಸವನ್ನು ಈಗ ಫೋನಿಗೆ ಚುಚ್ಚುವ ಬೆರಳಿನಷ್ಟು ಚಿಕ್ಕ ಡಾಂಗಲ್ ಅದಕ್ಕಿಂತ ಶುದ್ಧವಾಗಿ ಮಾಡುತ್ತದೆ. ನನಗೆ ಇದು ಈಗಲೂ ಖುಷಿ ಕೊಡುವ ವಿಷಯ.

ಹಾಗಾದರೆ ತೊಂದರೆ ಎಲ್ಲಿರುತ್ತದೆ? ಚಿಪ್ಪಿಗಿಂತ ಜಾಸ್ತಿ ಅದರ ಸುತ್ತಮುತ್ತ. ಲ್ಯಾಪ್‌ಟಾಪ್ ಬೋರ್ಡಿನಲ್ಲಿ ಪ್ರೊಸೆಸರ್, ವೈಫೈ, ಪವರ್ ಸರ್ಕ್ಯೂಟ್ ಎಲ್ಲ ಒತ್ತೊತ್ತಾಗಿ ಕೂತಿರುತ್ತವೆ. ಅವುಗಳ ಗಲಾಟೆ ಆಡಿಯೊ ದಾರಿಗೆ ನುಸುಳುತ್ತದೆ. ಮೌಸ್ ಆಡಿಸಿದರೆ ಸ್ಪೀಕರ್‌ನಲ್ಲಿ ಕಿರ್ ಅನ್ನುವುದು, ಪುಟ ಸರಿಸಿದರೆ ಚರಚರ ಅನ್ನುವುದು ಇದೇ. ಯುಎಸ್‌ಬಿ ಡ್ಯಾಕ್ ಹಾಕಿದರೆ ಪರಿವರ್ತನೆ ಆ ಗಲಾಟೆಯಿಂದ ಹೊರಗೆ ನಡೆಯುತ್ತದೆ. ಸಾಮಾನ್ಯವಾಗಿ ಈ ಕಿರಿಕಿರಿ ಅಲ್ಲಿಗೇ ಮುಗಿಯುತ್ತದೆ.

ಗುಂಯ್ ಅನ್ನುವ ಹಮ್ ಮಾತ್ರ ಬೇರೆ ಕಥೆ. ಜನ ಹಣ ಕಳೆದುಕೊಳ್ಳುವುದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೈಸೂರಿನ ಸರಸ್ವತಿಪುರಂನಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆ. ಹಳೆಯ ಗಟ್ಟಿ ಆಂಪ್, ಚೆನ್ನಾಗಿ ಇಟ್ಟುಕೊಂಡ ಸ್ಪೀಕರ್‌ಗಳು. ಹಾಡೆಲ್ಲ ಲ್ಯಾಪ್‌ಟಾಪ್‌ನಲ್ಲಿ. ಗುಂಯ್ ಬರುತ್ತದೆ ಅಂತ ಯಾರೋ ಹೇಳಿದ ಯುಎಸ್‌ಬಿ ಡ್ಯಾಕ್ ತರಿಸಿದ್ದರು. ಗುಂಯ್ ಹಾಗೇ ಇತ್ತು. "ಇದಕ್ಕಿಂತ ದೊಡ್ಡದು ಬೇಕೇನೋ ಅಲ್ವಾ?" ಅಂದರು. "ಮೇಷ್ಟ್ರೇ, ಒಂದ್ನಿಮಿಷ ಲ್ಯಾಪ್‌ಟಾಪ್ ಚಾರ್ಜರ್ ತೆಗೀರಿ" ಅಂದೆ. ತೆಗೆದ ತಕ್ಷಣ ಗುಂಯ್ ನಿಂತಿತು. "ಅಯ್ಯೋ, ಇಷ್ಟೇನಾ!" ಅಂದರು.

ಆದದ್ದು ಇದು. ಆಂಪ್ ಒಂದು ಗೋಡೆಯ ತ್ರೀ ಪಿನ್ ಸಾಕೆಟ್‌ನಲ್ಲಿತ್ತು, ಲ್ಯಾಪ್‌ಟಾಪ್ ಚಾರ್ಜರ್ ಇನ್ನೊಂದು ಗೋಡೆಯದರಲ್ಲಿ. ಎರಡಕ್ಕೂ ಅರ್ಥಿಂಗ್ ಬೇರೆ ಬೇರೆ ದಾರಿಯಿಂದ ಬರುತ್ತಿತ್ತು. ನಡುವೆ ಆಡಿಯೊ ಕೇಬಲ್ ಹಾಕಿದಾಗ ಅದರ ಹೊರಗಿನ ತಂತಿ ಈ ಎರಡು ದಾರಿಗಳನ್ನು ಕೂಡಿಸಿ ಸುತ್ತು ಪೂರ್ತಿ ಮಾಡಿತು. ಇದಕ್ಕೇ ಗ್ರೌಂಡ್ ಲೂಪ್ ಅನ್ನುವುದು. ಆ ಸುತ್ತಿನಲ್ಲಿ ನಮ್ಮ ಮನೆ ಕರೆಂಟಿನ 50 ಹರ್ಟ್ಸ್ ಹರಿದು, ಆಂಪ್ ಅದನ್ನೂ ಹಾಡು ಅಂತ ತಿಳಿದು ದೊಡ್ಡದು ಮಾಡಿತು. ಯುಎಸ್‌ಬಿ ಡ್ಯಾಕ್ ಇದಕ್ಕೆ ಏನೂ ಮಾಡಲಿಲ್ಲ, ಯಾಕೆಂದರೆ ಯುಎಸ್‌ಬಿ ಕೇಬಲ್‌ನಲ್ಲೂ ಗ್ರೌಂಡ್ ತಂತಿ ಇರುತ್ತದೆ. ಲೂಪ್ ಕಡಿದಿರಲೇ ಇಲ್ಲ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದೆವು, ಮುಕ್ಕಾಲು ಪಾಲು ಹೋಯಿತು. ಉಳಿದದ್ದಕ್ಕೆ ಆಡಿಯೊ ಕೇಬಲ್ ನಡುವೆ ಈ ಸುತ್ತನ್ನು ಕಡಿಯುವ ಚಿಕ್ಕದೊಂದು ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದೆವು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೇಳಿದರೆ ಸಿಗುತ್ತದೆ. ತೀರಾ ಅಗ್ಗದ್ದು ತಗೊಂಡರೆ ಬಾಸ್ ಸ್ವಲ್ಪ ತೆಳುವಾಗುತ್ತದೆ, ಅಷ್ಟು ಗಮನವಿರಲಿ.

ಟೂ ಪಿನ್ ಚಾರ್ಜರ್‌ಗಳದ್ದು ಇನ್ನೊಂದು ರೀತಿ. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಬೆರಳು ಮೆಲ್ಲಗೆ ಸವರಿದರೆ ಜುಂ ಅನ್ನುತ್ತದಲ್ಲ, ಆ ಸಣ್ಣ ಸೋರಿಕೆಯೇ ಕೇಬಲ್ ಹಿಡಿದು ಆಂಪ್‌ಗೆ ಹೋಗುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗುಂಯ್ ಹೋಗಲಿ ಅಂತ ತ್ರೀ ಪಿನ್ನಿನ ಅರ್ಥ್ ಪಿನ್ ಕತ್ತರಿಸುವವರು, ಒಳಗೆ ಹಸಿರು ತಂತಿ ಬಿಚ್ಚಿಡುವವರು ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಲು ಬಿಡಬೇಡಿ. ಆಂಪ್ ಒಳಗೆ ಏನಾದರೂ ಕೆಟ್ಟು ಮೈಗೆ ಕರೆಂಟ್ ಬಂದರೆ ಅದನ್ನು ನೆಲಕ್ಕೆ ಇಳಿಸಲು ಇರುವುದು ಆ ತಂತಿ ಮಾತ್ರ. ಮನೆಯಲ್ಲಿ ಮಕ್ಕಳು ಅದನ್ನು ಮುಟ್ಟುತ್ತಾರೆ.

ಏನಾದರೂ ಕೊಳ್ಳುವ ಮೊದಲು ಹೀಗೆ ನೋಡಿ. ಆಂಪ್ ಆಫ್ ಮಾಡಿ, ಹಿಂದಿರುವ ಕೇಬಲ್‌ಗಳನ್ನೆಲ್ಲ ತೆಗೆದು, ಮತ್ತೆ ಆನ್ ಮಾಡಿ. ಸ್ಪೀಕರ್ ಮಾತ್ರ ಇರಲಿ. ಆಗಲೂ ಗುಂಯ್ ಇದ್ದರೆ ಕಾಯಿಲೆ ಆಂಪ್‌ನದ್ದೇ. ಹಳೆಯ ಆಂಪ್‌ಗಳಲ್ಲಿ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ವರ್ಷ ಕಳೆದಂತೆ ಒಣಗುತ್ತವೆ, ಅವನ್ನು ಬದಲಿಸಬೇಕು. ಡ್ಯಾಕ್ ಅಲ್ಲಿ ಏನೂ ಮಾಡಲಾರದು. ಆಂಪ್ ಸುಮ್ನಿದ್ದರೆ ಲ್ಯಾಪ್‌ಟಾಪ್ ಸೇರಿಸಿ, ಬ್ಯಾಟರಿಯಲ್ಲಿ ಓಡಿಸಿ. ಆಗ ಮೌಸ್ ಜೊತೆ ಕಿರ್ ಅಂದರೆ ಡ್ಯಾಕ್ ತಗೊಳ್ಳಿ, ಉಪಯೋಗವಾಗುತ್ತದೆ. ಬ್ಯಾಟರಿಯಲ್ಲಿ ಸರಿಯಿದ್ದು ಚಾರ್ಜರ್ ಹಾಕಿದಾಗ ಮಾತ್ರ ಗುಂಯ್ ಅಂದರೆ ಅದು ಲೂಪ್ ಅಥವಾ ಸೋರಿಕೆ. ಒಂದು ಕಡೆಯ ಸ್ಪೀಕರ್ ಬಂದು ಬಂದು ಹೋಗುತ್ತಿದ್ದರೆ ಸಾಕೆಟ್ ನೋಡಿ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಗೆ ಕೆಂಪು-ಬಿಳಿ ಪಿನ್ ಹಾಕುವ ಆರ್‌ಸಿಎ ಸಾಕೆಟ್‌ಗಳು ಬೇಗ ಕಪ್ಪಾಗುತ್ತವೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪಿನ್ ನಾಲ್ಕು ಸಲ ತಿರುಗಿಸಿದರೆ ಎಷ್ಟೋ ಮನೆಗಳಲ್ಲಿ ಕೆಲಸ ಮುಗಿಯುತ್ತದೆ.

ಡ್ಯಾಕ್ ನಿಜಕ್ಕೂ ಬೇಕೇಬೇಕು ಅನ್ನುವ ಜಾಗ ಟಿವಿ. ಹೊಸ ಟಿವಿಗಳಲ್ಲಿ ಹಳೆಯ ಕೆಂಪು-ಬಿಳಿ ಆಡಿಯೊ ಔಟ್ ಬಹುತೇಕ ಮಾಯವಾಗಿದೆ. ಉಳಿದಿರುವುದು ಆಪ್ಟಿಕಲ್ ಮತ್ತು ಎಚ್‌ಡಿಎಂಐ. ಹಳೆಯ ಆಂಪ್‌ಗೆ ಬೇಕಾದದ್ದು ಕೆಂಪು-ಬಿಳಿಯೇ. ನಡುವೆ ಬೆಂಕಿಪೊಟ್ಟಣದ ಗಾತ್ರದ ಆಪ್ಟಿಕಲ್ ಡ್ಯಾಕ್ ಹಾಕಿದರೆ ಟಿವಿಯ ಸಣಕಲು ಸ್ಪೀಕರ್ ಬಿಟ್ಟು ನಿಮ್ಮ ಒಳ್ಳೆಯ ಸ್ಪೀಕರ್‌ನಲ್ಲಿ ಸಿನಿಮಾ ಕೇಳಬಹುದು. ಆಪ್ಟಿಕಲ್ ಕೇಬಲ್‌ನಲ್ಲಿ ಹೋಗುವುದು ಬೆಳಕು. ತಂತಿ ಇಲ್ಲ, ಹಾಗಾಗಿ ಲೂಪ್ ಕೂಡ ಇಲ್ಲ.

ಆದರೆ ಕೂರಿಸುವಾಗ ಜನ ಎಡವುವ ಜಾಗಗಳಿವೆ. ಕೇಬಲ್ ತುದಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ, ತೆಗೆಯದೆ ಚುಚ್ಚಿದರೆ ಕೂರುವುದಿಲ್ಲ. ಟಿವಿ ಆನ್ ಮಾಡಿ ಇನ್ನೊಂದು ತುದಿ ಅಂಗೈಗೆ ಹಿಡಿದರೆ ಕೆಂಪು ಬೆಳಕು ಕಾಣಬೇಕು. ಬೆಳಕಿದ್ದೂ ಸದ್ದಿಲ್ಲವೇ, ಅಥವಾ ಬರೀ ಚರಚರ ಬರುತ್ತಿದೆಯೇ? ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂ ಮಾಡಿ. ಪಿಸಿಎಂ ಅಂದರೆ ಒತ್ತಿ ಕಟ್ಟದ ನೇರ ಅಂಕಿಗಳು. ಟಿವಿ ಡಾಲ್ಬಿ, ಅಂದರೆ ಒತ್ತಿ ಕಟ್ಟಿದ ಸದ್ದು, ಕಳಿಸುತ್ತಿರುತ್ತದೆ, ಅಗ್ಗದ ಪೆಟ್ಟಿಗೆಗಳಿಗೆ ಪಿಸಿಎಂ ಬಿಟ್ಟು ಬೇರೆ ಅರ್ಥವಾಗುವುದಿಲ್ಲ. ಕೆಟ್ಟಿದೆ ಅಂತ ವಾಪಸ್ ಹೋಗುವ ಎಷ್ಟೋ ಪೆಟ್ಟಿಗೆಗಳು ಈ ಒಂದು ಸೆಟ್ಟಿಂಗ್‌ನಿಂದ ಸರಿಹೋಗುತ್ತಿದ್ದವು. ಇನ್ನೊಂದು, ಆ ಪೆಟ್ಟಿಗೆಗೆ ಬೇಕಾದ 5 ವೋಲ್ಟನ್ನು ಟಿವಿಯ ಯುಎಸ್‌ಬಿಯಿಂದ ಕೊಟ್ಟರೆ ಬೆಳಕಿನ ಕೇಬಲ್ ಹಾಕಿ ಕಡಿದ ಗ್ರೌಂಡ್ ಯುಎಸ್‌ಬಿ ತಂತಿಯಿಂದ ಮತ್ತೆ ಕೂಡಿಕೊಳ್ಳುತ್ತದೆ. ಗುಂಯ್ ಬಂದರೆ ಹಳೆಯ ಫೋನ್ ಚಾರ್ಜರ್‌ನಿಂದ ಕರೆಂಟ್ ಕೊಡಿ. ಇನ್ನು, ಟಿವಿ ರಿಮೋಟ್‌ನ ವಾಲ್ಯೂಮ್ ಹೆಚ್ಚಿನ ಟಿವಿಗಳಲ್ಲಿ ಆಪ್ಟಿಕಲ್ ಮೇಲೆ ಕೆಲಸ ಮಾಡುವುದಿಲ್ಲ, ಆಂಪ್‌ನಲ್ಲೇ ತಿರುಗಿಸಬೇಕು.

ಫೋನಿಂದ ಕೇಳುವವರಿಗೆ ಡಾಂಗಲ್ ಸಾಕು. ಆಪಲ್‌ನ ಟೈಪ್-ಸಿ ಹೆಡ್‌ಫೋನ್ ಅಡಾಪ್ಟರ್ ನೋಡಲು ಬರೀ ವೈರ್ ತುಂಡಿನಂತಿದೆ, ಅದರೊಳಗೂ ಪೂರ್ತಿ ಡ್ಯಾಕ್ ಇದೆ, ಒಳ್ಳೆಯದೇ ಇದೆ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಮಾತ್ರ ಅದರ ಸದ್ದು ತೀರಾ ಕಮ್ಮಿ ಬರುತ್ತದೆ, ಕೊಳ್ಳುವ ಮೊದಲು ನಿಮ್ಮ ಫೋನಿಗೆ ಹಾಕಿ ನೋಡಿ. ಅಂಗಡಿಯಲ್ಲಿ ತೀರಾ ಅಗ್ಗಕ್ಕೆ ಸಿಗುವ ಕೆಲವು ಅಡಾಪ್ಟರ್‌ಗಳಲ್ಲಿ ಡ್ಯಾಕೇ ಇರುವುದಿಲ್ಲ. ಫೋನೇ ಅನಲಾಗ್ ಸಿಗ್ನಲ್ ಕೊಡಬೇಕು, ಎಲ್ಲ ಫೋನೂ ಕೊಡುವುದಿಲ್ಲ. ಬ್ಲೂಟೂತ್ ಹೆಡ್‌ಫೋನ್ ಇದ್ದವರು ಡ್ಯಾಕ್ ಕೊಂಡು ಫೋನಿಗೆ ಹಾಕಿದರೆ ಪ್ರಯೋಜನವಿಲ್ಲ. ಗಾಳಿಯಲ್ಲಿ ಹೋಗುವುದು ಇನ್ನೂ ಅಂಕಿಗಳೇ, ಪರಿವರ್ತನೆ ನಡೆಯುವುದು ಹೆಡ್‌ಫೋನ್ ಒಳಗೆ.

ಈಗ ಅಂಕಿಅಂಶದ ಆಸೆ. ಡಬ್ಬದ ಮೇಲೆ 32 ಬಿಟ್, 768 ಕಿಲೋಹರ್ಟ್ಸ್ ಅಂತ ಇರುತ್ತದೆ. 16 ಬಿಟ್‌ನಲ್ಲೇ ಅತಿ ಮೆಲ್ಲನೆಯದಕ್ಕೂ ಅತಿ ಜೋರಿನದಕ್ಕೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ. ರಾತ್ರಿ ಸದ್ದಿಲ್ಲದ ಕೋಣೆಯಲ್ಲೂ 30 ಡೆಸಿಬೆಲ್ ಆಸುಪಾಸು ಇದ್ದೇ ಇರುತ್ತದೆ, ಫ್ಯಾನ್ ಹಾಕಿದರೆ ಇನ್ನೂ ಜಾಸ್ತಿ. ಅದರ ಮೇಲೆ 96 ಕೂಡಿಸಿ ನೋಡಿ, ಕಿವಿ ನೋಯುವ ಮಟ್ಟ ಅದು. ಸೆಕೆಂಡಿಗೆ 44,100 ಅಂಕಿ, ಅಂದರೆ 44.1 ಕಿಲೋಹರ್ಟ್ಸ್, ಇದ್ದರೆ 22 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿಯುತ್ತದೆ, ಮನುಷ್ಯರ ಕಿವಿ ಎಳೆ ವಯಸ್ಸಿನಲ್ಲೂ 20ರ ಹತ್ತಿರ ನಿಲ್ಲುತ್ತದೆ. 24 ಬಿಟ್ ಇದ್ದರೆ ಡಿಜಿಟಲ್ ವಾಲ್ಯೂಮ್ ಇಳಿಸಿದಾಗ ಸೂಕ್ಷ್ಮ ಹಾಳಾಗುವುದಿಲ್ಲ, ಅಷ್ಟು ಸಾಕು. ಅದಕ್ಕಿಂತ ಮೇಲಿನದಕ್ಕೆ ಹಣ ಕೊಡಬೇಡಿ.

"ಆದ್ರೆ ಹಾಕಿದ ತಕ್ಷಣ ಎಷ್ಟು ಚೆನ್ನಾಗ್ ಕೇಳ್ತು!" ಅನ್ನುವವರು ಇದ್ದಾರೆ. ಸುಳ್ಳು ಹೇಳುತ್ತಿಲ್ಲ. ಫೋನ್ ಜಾಕ್ 1 ವೋಲ್ಟೋ ಅದಕ್ಕೂ ಕಮ್ಮಿಯೋ ಕೊಡುತ್ತದೆ, ಮೇಜಿನ ಮೇಲಿಡುವ ಡ್ಯಾಕ್ ಸಾಮಾನ್ಯವಾಗಿ 2 ವೋಲ್ಟ್. 1ರಿಂದ 2 ಆದರೆ 6 ಡೆಸಿಬೆಲ್ ಜೋರು. ಸ್ವಲ್ಪ ಜೋರಾದ ಹಾಡು ನಮ್ಮ ಕಿವಿಗೆ ತುಂಬಿದಂತೆ, ಬಿಡಿಬಿಡಿಯಾದಂತೆ ಕೇಳುತ್ತದೆ. ಎಲ್ಲರ ಕಿವಿಯೂ ಹಾಗೇ. ನ್ಯಾಯವಾಗಿ ಹೋಲಿಸಬೇಕಾದರೆ 400 ಹರ್ಟ್ಸ್‌ನ ಒಂದೇ ಸ್ವರ ಸಣ್ಣಗೆ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಇಟ್ಟು, ಎರಡೂ ಸಲ ಅದೇ ಎ.ಸಿ. ವೋಲ್ಟ್ ಬರುವಂತೆ ವಾಲ್ಯೂಮ್ ಹೊಂದಿಸಿ. ಶೇ. 1ರ ಒಳಗೆ ಬಂದರೆ ಸಾಕು. ಆಮೇಲೆ ಮನೆಯವರಿಗೆ ಬದಲಿಸಲು ಹೇಳಿ, ಯಾವುದು ಅಂತ ನೋಡದೆ ಕೇಳಿ.

ಕೇಳಲು ಹಾಡು ಆರಿಸುವಾಗ ಆಲಾಪನೆ ಶುರುವಾಗುವ ಮುಂಚಿನ ತಂಬೂರಿ ಅಥವಾ ವೀಣೆಯ ಸ್ವರ ಕರಗುವ ಜಾಗ ಆರಿಸಿ. ಅಬ್ಬರದ ಹಾಡು ಎಲ್ಲ ಗದ್ದಲವನ್ನೂ ಮುಚ್ಚಿಬಿಡುತ್ತದೆ. ವೀಣೆಯ ಮೀಟು ಇಳಿದು ಇಳಿದು ಹೋಗುವಾಗ ಕೊನೆಯ ಎಳೆ ಸುಯ್ ಅನ್ನುವ ಹಿಸ್‌ನಲ್ಲಿ ಮುಳುಗುತ್ತದೆಯೋ, ಹಾಗೇ ಖಾಲಿಯಾಗುತ್ತದೆಯೋ ಗಮನಿಸಿ. ಧ್ವನಿಮುದ್ರಣ ಹೊಸದಿರಲಿ. ಹಳೆಯ ಟೇಪಿನಿಂದ ಬಂದವುಗಳಲ್ಲಿ ಟೇಪಿನದೇ ಹಿಸ್ ಇರುತ್ತದೆ, ಅದನ್ನು ಯಾವ ಡ್ಯಾಕೂ ತೆಗೆಯುವುದಿಲ್ಲ.

ಹೀಗೆ ಕೇಳಿದ ಮೇಲೂ ವ್ಯತ್ಯಾಸ ಸಿಗಲಿಲ್ಲವೇ? ಹಣ ಸ್ಪೀಕರ್‌ಗೆ, ಕೋಣೆಗೆ ಹಾಕಿ. ಸಾಧಾರಣ ಡ್ಯಾಕ್ ಕೂಡ ಮಾಡುವ ವಿರೂಪ ಶೇ. 0.01ಕ್ಕಿಂತ ಕಮ್ಮಿ. ಸ್ಪೀಕರ್ ಬಾಸ್‌ನಲ್ಲಿ ಶೇ. 1 ದಾಟುವುದು ಮಾಮೂಲಿ. ಟೈಲ್ಸ್ ನೆಲ, ಬರಿ ಗೋಡೆಯ ಹಾಲ್‌ನಲ್ಲಿ ಚಪ್ಪಾಳೆ ತಟ್ಟಿ ನೋಡಿ, ಟಿಣ್ ಅಂತ ಮರುದನಿ ಬಂದರೆ ಅಲ್ಲಿ ಮೊದಲು ಬೇಕಾದದ್ದು ದಪ್ಪ ಜಮಖಾನ ಮತ್ತು ಪರದೆ.

ಡ್ಯಾಕ್ ತಂದಿರೋ, ಕೂರಿಸುವಾಗ ಆಂಪ್ ಹಿಂದೆ ಫೋನೊ ಅಂತ ಬರೆದ ಸಾಕೆಟ್‌ಗೆ ಹಾಕಬೇಡಿ. ಅದು ರೆಕಾರ್ಡ್ ಪ್ಲೇಯರ್‌ಗೆ ಇರುವುದು, ಕೆಲವೇ ಮಿಲಿವೋಲ್ಟ್ ನಿರೀಕ್ಷಿಸುತ್ತದೆ. ಆಕ್ಸ್, ಸಿ.ಡಿ. ಅಥವಾ ಟ್ಯೂನರ್ ಅಂತಿರುವುದಕ್ಕೆ ಹಾಕಿ. ಫೋನ್ ಅಥವಾ ಲ್ಯಾಪ್‌ಟಾಪ್ ವಾಲ್ಯೂಮ್ ಪೂರ್ತಿ ಇರಲಿ, ಹೆಚ್ಚು ಕಮ್ಮಿ ಮಾಡುವುದು ಆಂಪ್‌ನ ಗುಂಡಿಯಿಂದ. ಮೊದಲ ಸಲ ಆ ಗುಂಡಿ ಸೊನ್ನೆಯಲ್ಲಿಟ್ಟೇ ಹಾಡು ಶುರು ಮಾಡಿ. ಹಳೆಯ ಜಾಗದಲ್ಲೇ ಬಿಟ್ಟರೆ ಮೊದಲಿಗಿಂತ ಎರಡು ಮೂರು ಪಟ್ಟು ಜಾಸ್ತಿ ವೋಲ್ಟೇಜ್ ಒಮ್ಮೆಲೇ ನುಗ್ಗುತ್ತದೆ, ಸ್ಪೀಕರ್ ಒಳಗೆ ಕೀರಲು ಸ್ವರ ನುಡಿಸುವ ಹಳೆಯ ಟ್ವೀಟರ್‌ಗಳು ಅದನ್ನು ತಡೆಯುವುದಿಲ್ಲ.