ಕುರ್‌ಆನ್‌ನಲ್ಲಿ ಬಿಗ್ ಬ್ಯಾಂಗ್ ಇದೆಯಾ?

ಪ್ರಶ್ನೆ: ಇಸ್ಲಾಂ ಪ್ರಕಾರ ಜಗತ್ತು ಹೇಗೆ ಹುಟ್ಟಿತು? ಬಿಗ್ ಬ್ಯಾಂಗ್ ಬಗ್ಗೆ ಕುರ್‌ಆನ್ 1400 ವರ್ಷದ ಹಿಂದೆಯೇ ಹೇಳಿದೆ ಅಂತಾರಲ್ಲ, ನಿಜವಾ?

ಪ್ರತಿ ರಂಜಾನಿಗೂ ಈ ಪ್ರಶ್ನೆ ತಪ್ಪದೆ ಬರುತ್ತದೆ. ಹೋದ ವರ್ಷದ ಉತ್ತರವನ್ನೇ ಕಳಿಸಿ ಕೈತೊಳೆದುಕೊಳ್ಳೋಣ ಅನ್ನಿಸಿತ್ತು. ಇರಲಿ, ಇನ್ನೊಂದು ಸಲ.

ಮೊದಲ ಭಾಗ ಸುಲಭ. ಅಲ್ಲಾಹು ಆಕಾಶಗಳನ್ನೂ ಭೂಮಿಯನ್ನೂ ಆರು ದಿನಗಳಲ್ಲಿ ಸೃಷ್ಟಿಸಿದ ಎಂದು ಕುರ್‌ಆನ್ ಏಳು ಕಡೆ ಹೇಳುತ್ತದೆ. ಅಲ್ಲಿರುವ 'ಯೌಮ್' ಎಂಬ ಪದ 24 ಗಂಟೆಯ ದಿನವೇ ಆಗಬೇಕಿಲ್ಲ. ದೇವರ ಬಳಿಯ ಒಂದು ದಿನ ನಿಮ್ಮ ಲೆಕ್ಕದ ಸಾವಿರ ವರ್ಷದಂತೆ ಎಂಬ ಮಾತು ಕುರ್‌ಆನಿನ 22ನೇ ಸೂರಾದಲ್ಲೇ, ಅಂದರೆ ಅಧ್ಯಾಯದಲ್ಲೇ, ಇದೆ. 41ನೇ ಸೂರಾದಲ್ಲಿ ಭೂಮಿಗೆ 2 ದಿನ, ಬೆಟ್ಟ ಮತ್ತು ಆಹಾರಕ್ಕೆ 4, ಹೊಗೆಯಾಗಿದ್ದ ಆಕಾಶವನ್ನು ಏಳಾಗಿಸಲು 2 ಎಂದಿದೆ. ಕೂಡಿದರೆ 8 ಆಯ್ತಲ್ಲ ಅಂತ ಕೆಲವರು ಗೆದ್ದವರಂತೆ ಬರೆಯುತ್ತಾರೆ. ಬೆಂಗಳೂರಿಂದ ಹಾಸನಕ್ಕೆ 4 ಗಂಟೆ, ಮಂಗಳೂರಿಗೆ 8 ಗಂಟೆ ಅಂದರೆ ಒಟ್ಟು 12 ಅಂತ ಯಾರಾದರೂ ಕೂಡುತ್ತಾರಾ? ಆ 4ರಲ್ಲಿ ಮೊದಲ 2 ಸೇರಿದೆ ಎಂದು ಹಳೆಯ ವ್ಯಾಖ್ಯಾನಕಾರರು ಯಾವತ್ತೋ ಹೇಳಿದ್ದಾರೆ.

ಈಗ ಬಿಗ್ ಬ್ಯಾಂಗ್. ಇದಕ್ಕೆ ಎಲ್ಲರೂ ತೋರಿಸುವುದು 21ನೇ ಸೂರಾದ 30ನೇ ವಚನ. ಆಕಾಶಗಳೂ ಭೂಮಿಯೂ 'ರತ್ಕ್' ಆಗಿದ್ದವು, ನಾವು ಅವನ್ನು 'ಫತ್ಕ್' ಮಾಡಿದೆವು, ಪ್ರತಿ ಜೀವಿಯನ್ನೂ ನೀರಿನಿಂದ ಮಾಡಿದೆವು ಎನ್ನುತ್ತದೆ ಅದು. ಎರಡೂ ದರ್ಜಿಯ ಅಂಗಡಿಯಲ್ಲಿ ಓಡಾಡುವಂಥ ಪದಗಳು. ರತ್ಕ್ ಅಂದರೆ ಸೇರಿಸಿ ಮುಚ್ಚಿದ್ದು, ಫತ್ಕ್ ಅಂದರೆ ಹೊಲಿಗೆ ಬಿಚ್ಚಿದ್ದು. ಸ್ಫೋಟದ ಸುದ್ದಿಯೇ ಇಲ್ಲ.

923ರಲ್ಲಿ ಬಾಗ್ದಾದಿನಲ್ಲಿ ತೀರಿಕೊಂಡ ಕುರ್‌ಆನ್ ವ್ಯಾಖ್ಯಾನಕಾರ ತಬರಿ ಇದಕ್ಕೆ ಇದ್ದ ಅರ್ಥಗಳನ್ನೆಲ್ಲ ಪಟ್ಟಿ ಮಾಡಿದ್ದಾರೆ. ಅಂಟಿಕೊಂಡಿದ್ದ ಎರಡನ್ನು ಬೇರ್ಪಡಿಸಿದ್ದು ಎಂಬುದು ಒಂದು. ಒಂದೇ ಆಕಾಶವನ್ನು ಏಳು ಮಾಡಿದ್ದು ಎಂಬುದು ಇನ್ನೊಂದು. ತಬರಿಗೆ ಹಿಡಿಸಿದ್ದು ಬೇರೆಯೇ: ಆಕಾಶ ಮುಚ್ಚಿತ್ತು, ಮಳೆ ಇರಲಿಲ್ಲ; ನೆಲ ಮುಚ್ಚಿತ್ತು, ಬೆಳೆ ಇರಲಿಲ್ಲ; ದೇವರು ಎರಡನ್ನೂ ತೆರೆದ. ಮುಂದಿನ ಮಾತೇ ನೀರಿನದ್ದು, ಅದಕ್ಕೆ ಇದೇ ಹೊಂದುತ್ತದೆ ಎಂಬುದು ಅವರ ವಾದ. ನನಗೂ ಸರಿ ಅನ್ನಿಸುತ್ತದೆ. ಯಾಕೆಂದರೆ ಆ ವಚನ ಶುರುವಾಗುವುದೇ 'ನಂಬದವರು ನೋಡಲಿಲ್ಲವೇ' ಎಂದು. ಮಳೆ ಬಿದ್ದು ನೆಲ ಚಿಗುರುವುದನ್ನು ಮಕ್ಕಾದವರು ನೋಡಿದ್ದರು. ಬಿಗ್ ಬ್ಯಾಂಗನ್ನು ಎಲ್ಲಿಂದ ನೋಡಬೇಕಿತ್ತು?

ಇನ್ನೊಂದು ತೊಡಕೂ ಇದೆ. ವಿಜ್ಞಾನದ ಲೆಕ್ಕದಲ್ಲಿ ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ, ಭೂಮಿಗೆ ಸುಮಾರು 450 ಕೋಟಿ. ಆರಂಭದಲ್ಲಿ ಆಕಾಶಕ್ಕೆ ಅಂಟಿಕೊಂಡಿರಲು ಭೂಮಿ ಎಲ್ಲಿತ್ತು? ವಿಜ್ಞಾನದಲ್ಲಿ ತಮ್ಮ ಧರ್ಮಕ್ಕೆ ಸಾಕ್ಷಿ ಹುಡುಕುವ ಈ ಚಪಲ ಮುಸ್ಲಿಮರದ್ದು ಮಾತ್ರ ಅಂದುಕೊಳ್ಳಬೇಡಿ. 1951ರಲ್ಲಿ ಪೋಪ್ 12ನೇ ಪಯಸ್ ಕೂಡ ಹೊಸ ವಿಜ್ಞಾನದಲ್ಲಿ ಸೃಷ್ಟಿಗೆ ಸಾಕ್ಷಿ ಕಂಡರು. ಅದು ಹಿಡಿಸದಿದ್ದವರಲ್ಲಿ ಜಾರ್ಜ್ ಲೆಮೈತ್ರ್ ಒಬ್ಬರು. ಬಿಗ್ ಬ್ಯಾಂಗ್ ಸಿದ್ಧಾಂತಕ್ಕೆ ಬುನಾದಿ ಹಾಕಿದವರೇ ಅವರು, ಮೇಲಾಗಿ ಸ್ವತಃ ಪಾದ್ರಿ!

ನಿಜವಾಗಿ ಕೇಳಬೇಕಾದ್ದನ್ನು ಯಾರೂ ಕೇಳುವುದಿಲ್ಲ: ಆ ಆರು ದಿನಗಳಿಗೆ ಮೊದಲು ಏನಿತ್ತು? 11ನೇ ಸೂರಾದಲ್ಲಿ ದೇವರ ಅರ್ಶ್, ಅಂದರೆ ಸಿಂಹಾಸನ, ನೀರಿನ ಮೇಲಿತ್ತು ಎಂದಿದೆ. ಹಾಗಾದರೆ ಜಗತ್ತು ಬಂದದ್ದು ಶೂನ್ಯದಿಂದಲಾ? ಹೌದು, ಜಗತ್ತಿಗೆ ಆರಂಭವಿದೆ, ಅನಾದಿ ಎನ್ನುವುದು ಧರ್ಮವನ್ನೇ ಬಿಟ್ಟಂತೆ ಎಂದು ಧರ್ಮಶಾಸ್ತ್ರಜ್ಞ ಗಝಾಲಿ ದಾರ್ಶನಿಕರ ಮೇಲೆ ಮುರಿದುಬಿದ್ದರು. ಅವರು ತೀರಿಕೊಂಡದ್ದು 1111ರಲ್ಲಿ. ಮುಂದೆ ಅದೇ ಶತಮಾನದಲ್ಲಿ ದಾರ್ಶನಿಕ ಇಬ್ನ್ ರುಶ್ದ್ ಇದೇ ನೀರು, ಇದೇ ಹೊಗೆಯ ವಚನಗಳನ್ನು ಮುಂದಿಟ್ಟು, ಬರೀ ಶೂನ್ಯವಿತ್ತು ಎಂದು ಎಲ್ಲಿ ಬರೆದಿದೆ ತೋರಿಸಿ ಎಂದರು. ಈ ಜಗಳದ ಮುಂದೆ ನಮ್ಮ ಫಾರ್ವರ್ಡ್‌ಗಳು ಸಪ್ಪೆ.

ಆರಂಭ ಹೇಗಾಯಿತು ಅಂತ ಪ್ರವಾದಿ ಮುಹಮ್ಮದರನ್ನೇ ಯೆಮನಿನವರು ಕೇಳಿದ್ದರು. ಬುಖಾರಿಯ ಹದೀಸ್ (ಪ್ರವಾದಿಯ ನಡೆನುಡಿಗಳ) ಸಂಗ್ರಹದಲ್ಲಿದೆ. ಅಲ್ಲಾಹು ಇದ್ದ, ಬೇರೇನೂ ಇರಲಿಲ್ಲ, ಅವನ ಸಿಂಹಾಸನ ನೀರಿನ ಮೇಲಿತ್ತು ಎಂದು ಪ್ರವಾದಿ ಹೇಳುತ್ತಿದ್ದರು. ಕೇಳುತ್ತ ಕೂತಿದ್ದ ಇಮ್ರಾನ್ ಬಿನ್ ಹುಸೈನ್‌ಗೆ ಯಾರೋ ಬಂದು, ನಿನ್ನ ಒಂಟೆ ಬಿಚ್ಚಿಕೊಂಡು ಹೋಯ್ತು ಅಂದರು. ಇಮ್ರಾನ್ ಎದ್ದು ಓಡಿದರು. ಒಂಟೆ ಆಗಲೇ ಬಿಸಿಲ್ಗುದುರೆಯ ಆಚೆ ಸೇರಿತ್ತು. ಅದು ಹೋದರೆ ಹೋಗಲಿ, ನಾನು ಅಲ್ಲಿಂದ ಏಳಬಾರದಿತ್ತು ಎಂದು ಅವರು ಆಮೇಲೆ ಹಳಹಳಿಸಿದರು.