ನನ್ನ ಕುದುರೆ ಯಾಕೆ ಕುಳ್ಳಗಾಯಿತು?

ಪ್ರಶ್ನೆ: ಕ್ರಾಸ್ ಸ್ಟಿಚ್ ಕಸೂತಿಯ ಚಾರ್ಟೊಂದರಲ್ಲಿ ಚೆಂದದ ಜಾನಪದ ಕುದುರೆ ಇತ್ತು. ಅದನ್ನೇ ನೋಡಿಕೊಂಡು ತೋಳಿಲ್ಲದ ಉಲ್ಲನ್ ವೆಸ್ಟಿನ ಬೆನ್ನಿಗೆ ಹೆಣೆದೆ. ಮನೆ ಮನೆ ಎಣಿಸಿಯೇ ಹೆಣೆದಿದ್ದೇನೆ, ಒಂದೂ ತಪ್ಪಿಲ್ಲ. ಆದರೂ ಕುದುರೆ ಕುಳ್ಳಗೆ, ಅಡ್ಡಡ್ಡ ಬಂದಿದೆ. ಮನೆಯವರು ಹಂದಿಮರಿ ಅಂತಿದ್ದಾರೆ. ಎಲ್ಲಿ ತಪ್ಪಿದೆ? ಪೂರ್ತಿ ಬಿಚ್ಚಬೇಕಾ?

ಉತ್ತರ: ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯಿತು ಅಂತ ಬೇಜಾರಾಗಬೇಡಿ. ನಿಮ್ಮ ಎಣಿಕೆ ಸರಿಯಾಗಿಯೇ ಇದೆ. ತಪ್ಪಿರುವುದು ಗ್ರಾಫ್ ಹಾಳೆಯಲ್ಲಿ. ಬಿಚ್ಚುವ ವಿಚಾರಕ್ಕೆ ಆಮೇಲೆ ಬರ್ತೀನಿ, ಅಲ್ಲಿವರೆಗೆ ಕಡ್ಡಿ ತೆಗೆಯಬೇಡಿ.

ಗ್ರಾಫ್ ಹಾಳೆಯ ಮನೆ ಚೌಕ. ಕ್ರಾಸ್ ಸ್ಟಿಚ್ ಹಾಕುವ ಬಟ್ಟೆಯ ಮನೆಯೂ ಸಾಮಾನ್ಯವಾಗಿ ಚೌಕವೇ. ಆದರೆ ಹೆಣಿಗೆಯ ಕುಣಿಕೆ ಚೌಕವಲ್ಲ. ಮುಂಭಾಗವೆಲ್ಲ ಸೀದಾ ಕಾಣುವ ಮಾಮೂಲಿ ಹೆಣಿಗೆಯಲ್ಲಿ ಒಂದು ಕುಣಿಕೆಗೆ ಅಗಲ ಜಾಸ್ತಿ, ಎತ್ತರ ಕಡಿಮೆ. ನಿಮ್ಮ ಹೆಣಿಗೆಯ ಮೇಲೆ ಒಂದು ಸ್ಕೇಲ್ ಇಟ್ಟು ನೋಡಿ. 10 ಸೆಂ.ಮೀ. ಅಗಲದಲ್ಲಿ 24 ಕುಣಿಕೆ, 10 ಸೆಂ.ಮೀ. ಎತ್ತರದಲ್ಲಿ 30 ಸಾಲು ಇದೆ ಅಂದುಕೊಳ್ಳಿ. ಆಗ 40 ಮನೆ ಅಗಲ, 40 ಮನೆ ಎತ್ತರದ ಕುದುರೆ ಹೆಣೆದರೆ ಅಗಲ ಸುಮಾರು 16.7 ಸೆಂ.ಮೀ. ಬರುತ್ತದೆ, ಎತ್ತರ ಬರೀ 13.3 ಸೆಂ.ಮೀ. ಮೂರು ಸೆಂ.ಮೀ.ಗಿಂತ ಜಾಸ್ತಿ ಕಾಲು ಮಾಯ! ಹಂದಿಮರಿ ಹುಟ್ಟಿದ್ದು ಅಲ್ಲೇ.

ಲೆಕ್ಕ ಸುಲಭ. ಚಾರ್ಟಿನ ಎತ್ತರವನ್ನು 30ರಿಂದ ಗುಣಿಸಿ 24ರಿಂದ ಭಾಗಿಸಿ. 40 ಮನೆ ಎತ್ತರದ ಕುದುರೆಗೆ 50 ಸಾಲು ಬೇಕು. ಅಂದರೆ 10 ಸಾಲು ಹೆಚ್ಚಿಗೆ ಸೇರಿಸಬೇಕು. ಎಲ್ಲಿ ಸೇರಿಸಬೇಕು ಅನ್ನುವುದೇ ನಿಜವಾದ ಕೆಲಸ. ನಾಲ್ಕು ಸಾಲಿಗೊಂದು ಸಾಲನ್ನು ಎರಡೆರಡು ಸಲ ಹೆಣೆದರೆ ಲೆಕ್ಕ ಸರಿ ಹೋಗುತ್ತದೆ, ಆದರೆ ಬೆನ್ನಿನ ಬಾಗು, ಕತ್ತಿನ ಓರೆ ಎಲ್ಲ ಅಲ್ಲಲ್ಲಿ ತಡವರಿಸಿದ ಹಾಗೆ ಕಾಣುತ್ತದೆ. ನಾನಾದರೆ ಕಾಲಿಗೆ ನಾಲ್ಕು, ಕತ್ತಿಗೆ ಮೂರು, ಹೊಟ್ಟೆಗೆ ಎರಡು, ಕಿವಿಗೆ ಒಂದು ಅಂತ ಕಣ್ಣಳತೆಯಲ್ಲಿ ಹಂಚ್ತೀನಿ. ನೆಟ್ಟಗಿರುವ ಜಾಗದಲ್ಲಿ ಸಾಲು ಸೇರಿಸಿದರೆ ಯಾರಿಗೂ ಗೊತ್ತಾಗಲ್ಲ, ಓರೆಯಿರುವ ಜಾಗದಲ್ಲಿ ಸೇರಿಸಿದರೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಇನ್ನೂ ಒಳ್ಳೆಯದು ಅಂದರೆ ಹಾಳೆಯನ್ನೇ ಬದಲಾಯಿಸುವುದು. 5 ಮಿ.ಮೀ. ಅಗಲ, 4 ಮಿ.ಮೀ. ಎತ್ತರದ ಮನೆಗಳನ್ನು ಗೆರೆ ಎಳೆದುಕೊಂಡು, ಅದರ ಮೇಲೆ ಕುದುರೆಯನ್ನು ಹೊಸದಾಗಿ ಬಿಡಿಸಿ. ಹಾಳೆಯ ಮೇಲೆ ಕಂಡದ್ದೇ ಮೈಮೇಲೂ ಕಾಣುತ್ತದೆ.

ಇಲ್ಲಿಗೆ ನಿಮ್ಮ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ಜಾನಪದ ಬಟ್ಟೆಗಳಿಂದ ಡಿಸೈನ್ ತೆಗೆದುಕೊಂಡು ವೆಸ್ಟ್ ಹೆಣೆಯುವವರೆಲ್ಲ ಒಂದಲ್ಲ ಒಂದು ದಿನ ಇದೇ ಗುಂಡಿಗೆ ಬೀಳ್ತಾರೆ. ಕುಳ್ಳಗಾಗುವುದು ಮೊದಲನೇ ಗುಂಡಿ ಅಷ್ಟೇ. ಹಾಗಾಗಿ ಇನ್ನೂ ಸ್ವಲ್ಪ ಹೇಳ್ತೀನಿ.

ಪ್ರತಿಯೊಂದು ಬಟ್ಟೆಗೂ ಅದರದೇ ಮನೆ ಇರುತ್ತದೆ, ಆ ಮನೆಗೆ ತಕ್ಕ ಹಾಗೆ ಡಿಸೈನ್ ಹುಟ್ಟಿರುತ್ತದೆ. ಜಪಾನಿನ ಅವೊಮೊರಿ ಪ್ರಾಂತ್ಯವನ್ನೇ ನೋಡಿ. ಅದರ ಪಶ್ಚಿಮಕ್ಕೆ ತ್ಸುಗರು ಸೀಮೆ. ಅಲ್ಲಿನ ರೈತರು ಹತ್ತಿ ಬಟ್ಟೆ ಉಡುವಂತಿರಲಿಲ್ಲ, ಹಾಗಾಗಿ ನಾರಿನ ಒರಟು ಬಟ್ಟೆಯೇ ಗತಿ. ನೀಲಿ ಬಣ್ಣ ಹಾಕಿದ ಆ ಬಟ್ಟೆಯ ಸಂದಿನಲ್ಲಿ ಚಳಿಗಾಳಿ ನುಗ್ಗಬಾರದು ಅಂತ ಹೆಂಗಸರು ಬಿಳಿ ದಾರದಿಂದ ಎಳೆ ಎಣಿಸಿ ಹೊಲಿಗೆ ತುಂಬುತ್ತಿದ್ದರು. ಅದಕ್ಕೆ ಕೊಗಿನ್ ಅಂತಾರೆ. ಎಳೆಯನ್ನು ಒಂದು, ಮೂರು, ಐದು ಎಂದು ಬೆಸ ಲೆಕ್ಕದಲ್ಲೇ ಎಣಿಸುತ್ತಾರೆ. ಅದರ ವಜ್ರದಾಕಾರ ಉದ್ದುದ್ದಕ್ಕೆ ನಿಂತಿರುತ್ತದೆ. ಅದೇ ಪ್ರಾಂತ್ಯದ ಪೂರ್ವಕ್ಕೆ ನಾನ್ಬು ಸೀಮೆ. ಅಲ್ಲಿನ ಹಿಶಿಜಾಶಿ ಹೊಲಿಗೆಯಲ್ಲಿ ಎರಡು, ನಾಲ್ಕು ಎಂದು ಸಮ ಲೆಕ್ಕ. ವಜ್ರ ಅಡ್ಡಡ್ಡ ಮಲಗಿರುತ್ತದೆ. ಅಕ್ಕಪಕ್ಕದ ಊರು, ಅದೇ ಚಳಿ, ಅದೇ ಸೂಜಿ. ಎಣಿಸುವ ರೀತಿ ಬೇರೆ, ವಜ್ರದ ಆಕಾರವೂ ಬೇರೆ.

ಈಗ ಕೊಗಿನ್ ವಜ್ರವನ್ನು ಚೌಕದ ಚಾರ್ಟಿಗಿಳಿಸಿ ಮಾಮೂಲಿ ಹೆಣಿಗೆಯಲ್ಲಿ ಹೆಣೆದರೆ ಏನಾಗುತ್ತದೆ? ನಿಂತಿದ್ದ ವಜ್ರ ಮಲಗಿಬಿಡುತ್ತದೆ. ಅಂದರೆ ತ್ಸುಗರು ಡಿಸೈನ್ ಅಂತ ಹೇಳಿಕೊಂಡು ನಾನ್ಬು ಡಿಸೈನಿನ ಹತ್ತಿರದ್ದೇನೋ ಹೆಣೆದಿರ್ತೀರಿ. ನೋಡುವವರಿಗೆ ಗೊತ್ತಾಗಲಿಕ್ಕಿಲ್ಲ. ಗೊತ್ತಿರುವವರಿಗೆ ಮಾತ್ರ ಸ್ವಲ್ಪ ನಗು ಬರುತ್ತದೆ.

ಎರಡನೇ ಗುಂಡಿ ಹಿಂಬದಿಯಲ್ಲಿ ಇರುತ್ತದೆ, ಅದು ಇನ್ನೂ ಆಳ. ಎರಡು ಬಣ್ಣದ ನೂಲಿನಲ್ಲಿ ಹೆಣೆಯುವಾಗ ಕೆಲಸವಿಲ್ಲದ ಬಣ್ಣ ಹಿಂದೆ ಸುಮ್ನೆ ಎಳೆದುಕೊಂಡು ಹೋಗುತ್ತದೆ ಅಲ್ವಾ? ಅದಕ್ಕೆ ಫ್ಲೋಟ್ ಅಂತಾರೆ. ಮೂರು ನಾಲ್ಕು ಕುಣಿಕೆ ಉದ್ದದ ಫ್ಲೋಟ್ ಆದರೆ ತೊಂದರೆಯಿಲ್ಲ. ಹದಿನೈದು ಇಪ್ಪತ್ತು ಕುಣಿಕೆ ಆದರೆ ಎರಡರಲ್ಲೊಂದು ಖಚಿತ: ಬಿಗಿಯಾಗಿ ಎಳೆದರೆ ಮುಂಭಾಗ ಸುಕ್ಕುಗಟ್ಟುತ್ತದೆ, ಸಡಿಲ ಬಿಟ್ಟರೆ ಹಾಕಿಕೊಳ್ಳುವಾಗ ಬೆರಳು ಸಿಕ್ಕಿಕೊಳ್ಳುತ್ತದೆ. ಕಿಲಿಮ್ ಅಂದರೆ ನೇಯ್ದ ನೆಲಹಾಸು. ಅದರ ಡಿಸೈನ್ ತೆಗೆದುಕೊಂಡು ಹೆಣೆದ ನನ್ನ ಮೊದಲ ವೆಸ್ಟಿನಲ್ಲಿ ಎರಡೂ ಆಯಿತು. ಎಡಗಡೆ ಸುಕ್ಕು, ಬಲಗಡೆ ಉಂಗುರ ಸಿಕ್ಕಿಕೊಂಡು ಒಂದು ನೂಲು ಹೊರಗೆ. ಅದನ್ನು ಯಾರಿಗೂ ತೋರಿಸಿಲ್ಲ.

ತಪ್ಪು ಕಿಲಿಮ್‌ದಲ್ಲ. ಟರ್ಕಿಯ ಆನಾಟೋಲಿಯಾದ ಕಿಲಿಮ್ ನೇಯುವಾಗ ಹಿಂದೆ ನೂಲು ಎಳೆಯುವ ಪ್ರಶ್ನೆಯೇ ಇಲ್ಲ. ಕೆಂಪು ನೂಲು ಕೆಂಪಿನ ಜಾಗದಲ್ಲೇ ಹೋಗಿ ಬಂದು ಮಾಡುತ್ತದೆ, ನೀಲಿ ನೀಲಿಯಲ್ಲೇ. ಎರಡು ಬಣ್ಣ ನೆಟ್ಟಗೆ ಕೂಡುವ ಕಡೆ ಸಣ್ಣ ಸೀಳು ಉಳಿಯುತ್ತದೆ. ಸೀಳು ಉದ್ದವಾದರೆ ಬಟ್ಟೆ ಸಡಿಲವಾಗುತ್ತದೆ, ಅದಕ್ಕೇ ನೇಯುವವರು ಉದ್ದದ ನೆಟ್ಟಗೆರೆ ತಪ್ಪಿಸಿ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಹೋಗುತ್ತಾರೆ. ಕಿಲಿಮ್‌ನ ಆ ಮೆಟ್ಟಿಲುಗಳು ಬರೀ ಅಂದಕ್ಕೆ ಬಂದದ್ದಲ್ಲ. ಅಗಲಗಲವಾದ ಬಣ್ಣದ ಪಟ್ಟೆ ಅಲ್ಲಿ ಸಲೀಸು. ಎರಡು ನೂಲಿನ ಹೆಣಿಗೆಗೆ ಅದೇ ಶತ್ರು.

ಹಾಗಾದರೆ ಕಿಲಿಮ್ ಬಿಟ್ಟುಬಿಡಬೇಕಾ? ಬೇಡ. ಇಂಟಾರ್ಸಿಯಾದಲ್ಲಿ ಹೆಣೆಯಿರಿ, ಅಂದರೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಪುಟ್ಟ ಉಂಡೆ, ಕೂಡುವ ಕಡೆ ನೂಲಿಗೆ ನೂಲು ಸುತ್ತಿ ಮುಂದೆ ಹೋಗುವುದು. ಹೆಚ್ಚುಕಡಿಮೆ ಕಿಲಿಮ್ ನೇಯುವವರು ಮಾಡುವುದೂ ಇದನ್ನೇ. ಸುತ್ತಿನಲ್ಲಿ ಹೆಣೆಯಲು ಕಷ್ಟ, ಮುಂದೆ ಹಿಂದೆ ಬೇರೆ ಬೇರೆ ಹೆಣೆದು ಹೊಲಿಯಬೇಕು. ವೆಸ್ಟಿಗೆ ಅದೇನು ದೊಡ್ಡ ಕಷ್ಟವಲ್ಲ. ಇನ್ನೊಂದು ದಾರಿ ಮೊಸಾಯಿಕ್ ಹೆಣಿಗೆ, ಅಂದರೆ ಎರಡೆರಡು ಸಾಲಿಗೆ ಒಂದೇ ಬಣ್ಣ ಹಿಡಿದು, ಇನ್ನೊಂದು ಬಣ್ಣ ಬೇಕಾದ ಕಡೆ ಕೆಳಗಿನ ಕುಣಿಕೆಯನ್ನು ಹೆಣೆಯದೆ ಹಾಗೇ ಜಾರಿಸುವುದು. ಅದನ್ನು ಏಣು ಹೆಣಿಗೆಯಲ್ಲಿ ಮಾಡಬಹುದು. ಎರಡೂ ಬದಿ ಸೀದಾ ಹೆಣೆಯುವ ಏಣು ಹೆಣಿಗೆಯಲ್ಲಿ ಎರಡು ಸಾಲು ಸೇರಿ ಒಂದು ಏಣು ಆಗುತ್ತದೆ. ಒಂದು ಕುಣಿಕೆಯ ಅಗಲವೂ ಒಂದು ಏಣಿನ ಎತ್ತರವೂ ಹೆಚ್ಚುಕಡಿಮೆ ಸಮ. ಅಂದರೆ ಕೊನೆಗೂ ಚೌಕ ಸಿಕ್ಕಿತು! ಮೆಟ್ಟಿಲು ಡಿಸೈನಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಕುದುರೆಗೆ ಮಾತ್ರ ಆಗಲ್ಲ.

ಮೂರನೇ ದಾರಿಯನ್ನು ನಾರ್ವೆಯವರು ಕಂಡುಕೊಂಡಿದ್ದಾರೆ, ನನಗೆ ಅದೇ ಅಚ್ಚುಮೆಚ್ಚು. ಸೇತೆಸ್ದಾಲ್ ಕಣಿವೆಯ ಹಳೆಯ ಕಪ್ಪು ಬಿಳಿ ಸ್ವೆಟರಿಗೆ ಲೂಸೆಕೊಫ್ತೆ ಅಂತ ಹೆಸರು. ಅರ್ಥ ಕೇಳಿದರೆ ನಗ್ತೀರಿ: ಹೇನಿನ ಕೋಟು. ಕಪ್ಪು ಮೈಮೇಲೆ ಅಲ್ಲೊಂದು ಇಲ್ಲೊಂದು ಒಂಟಿ ಬಿಳಿ ಕುಣಿಕೆ. ದೂರದಿಂದ ಹೇನು ಹರಿದಾಡಿದ ಹಾಗೇ. ಆದರೆ ಆ ಹೇನನ್ನು ತಿರುಗಿಸಿ ಹಿಂಬದಿ ನೋಡಿ. ಬಿಳಿ ನೂಲು ಕೆಲವೇ ಕುಣಿಕೆ ದಾಟಿ ಮತ್ತೆ ಬಟ್ಟೆಯೊಳಗೆ ಸಿಕ್ಕಿಕೊಂಡಿರುತ್ತದೆ. ಉದ್ದದ ಫ್ಲೋಟಿಗೆ ಅವಕಾಶವೇ ಇಲ್ಲ. ಬಟ್ಟೆಯೂ ಎರಡು ಪದರದಷ್ಟು ಬೆಚ್ಚಗೆ. ಖಾಲಿ ಜಾಗ ಜಾಸ್ತಿ ಇರುವ ಡಿಸೈನನ್ನು ವೆಸ್ಟಿಗೆ ತರುವಾಗ ಹಿನ್ನೆಲೆಗೆ ನಾಲ್ಕು ಹೇನು ಬಿಡಿ. ಡಿಸೈನೂ ತುಂಬಿಕೊಳ್ಳುತ್ತದೆ, ಹಿಂಬದಿಯೂ ಅಚ್ಚುಕಟ್ಟಾಗುತ್ತದೆ.

ಇದನ್ನೆಲ್ಲ ನೋಡಿದ ಮೇಲೆ ಫೇರ್ ಐಲ್ ವೆಸ್ಟ್ ಯಾಕೆ ಅಷ್ಟು ಸರಾಗವಾಗಿ ಬರುತ್ತದೆ ಅನ್ನುವುದೂ ಅರ್ಥವಾಗುತ್ತದೆ. ಫೇರ್ ಐಲ್ ಅನ್ನುವುದು ಸ್ಕಾಟ್ಲೆಂಡಿನ ಉತ್ತರಕ್ಕೆ, ಶೆಟ್‌ಲ್ಯಾಂಡ್ ಮತ್ತು ಆರ್ಕ್ನಿ ನಡುವೆ ಇರುವ ಸುಮಾರು 5 ಕಿ.ಮೀ. ಉದ್ದದ ಒಂದು ದ್ವೀಪ. 1920ರ ದಶಕದಲ್ಲಿ ಬ್ರಿಟನ್ನಿನ ಯುವರಾಜ, ಮುಂದೆ ಎಂಟನೇ ಎಡ್ವರ್ಡ್ ಆದವನು, ಈ ಸ್ವೆಟರನ್ನು ಗಾಲ್ಫ್ ಆಡುವಾಗ ಹಾಕಿಕೊಂಡ ಮೇಲೆ ಎಲ್ಲರಿಗೂ ಅದೇ ಹುಚ್ಚು. ನೋಡಲು ಹತ್ತಾರು ಬಣ್ಣ. ಆದರೆ ಯಾವುದೇ ಒಂದು ಸಾಲು ತೆಗೆದುಕೊಳ್ಳಿ, ಅಲ್ಲಿ ಇರುವುದು ಎರಡೇ ಬಣ್ಣ. ಸಾಲಿನಿಂದ ಸಾಲಿಗೆ ಹಿನ್ನೆಲೆಯೂ ಹೂವೂ ಬಣ್ಣ ಬದಲಿಸುತ್ತಾ ಹೋಗುತ್ತವೆ. ಗುಟ್ಟು ಅಷ್ಟೇ. ಡಿಸೈನುಗಳೂ ಹೆಣಿಗೆಯ ಒಳಗೇ ಹುಟ್ಟಿದವು, ಹಾಗಾಗಿ ಫ್ಲೋಟ್ ಉದ್ದವಾಗುವುದೇ ಕಡಿಮೆ. ಜೊತೆಗೆ ಎರಡು ನೂಲಿನ ಹೆಣಿಗೆಯಲ್ಲಿ ಕುಣಿಕೆ ಚೌಕದ ಹತ್ತಿರ ಬರುತ್ತದೆ, 28 ಕುಣಿಕೆಗೆ 30 ಸಾಲು ಅನ್ನುವ ಹಾಗೆ. ನೀವು ಕುದುರೆಯನ್ನು ಎರಡು ನೂಲು ಎಳೆದುಕೊಂಡು ಹೆಣೆದಿದ್ದರೆ ಇಷ್ಟು ಕುಳ್ಳಗಾಗುತ್ತಿರಲಿಲ್ಲ. ಇಂಟಾರ್ಸಿಯಾದಲ್ಲಿ ಹೆಣೆದಿದ್ದೀರಿ ಅಂತ ನನ್ನ ಅನುಮಾನ.

ಎಂಟು ಎಸಳಿನ ನಕ್ಷತ್ರಕ್ಕೂ ಇದೇ ಕಥೆ. ನಾರ್ವೆಯ ಸೆಲ್ಬು ಊರಿನಲ್ಲಿ 1857ರಲ್ಲಿ ಮಾರಿತ್ ಎಮ್ಸ್ತಾದ್ ಎಂಬ ಹುಡುಗಿ ಅದನ್ನು ಕಪ್ಪು ಬಿಳಿ ಕೈಗವಸಿನ ಮೇಲೆ ಹೆಣೆದು ಚರ್ಚಿಗೆ ಹಾಕಿಕೊಂಡು ಹೋದಳು, ಅಲ್ಲಿಂದ ಊರೆಲ್ಲ ಅದೇ ಆಯಿತು ಎಂದು ಹೇಳುತ್ತಾರೆ. ಆದರೆ ಲಾಟ್ವಿಯಾದ ಕೈಗವಸಿನಲ್ಲೂ, ಆನಾಟೋಲಿಯಾದ ಕಿಲಿಮ್‌ನಲ್ಲೂ, ಆಂಡೀಸ್ ಬೆಟ್ಟಗಳ ನೇಯ್ಗೆಯಲ್ಲೂ ಅದೇ ನಕ್ಷತ್ರ. ಮನೆ ಎಣಿಸಿ ಕೆಲಸ ಮಾಡುವವರ ಕೈಗೆ ನೇರಗೆರೆ ಮತ್ತು ಓರೆಗೆರೆ ಸುಲಭವಾಗಿ ಸಿಗುತ್ತವೆ. ಅವೆರಡನ್ನು ಕೂಡಿಸಿದರೆ ನಕ್ಷತ್ರ ತಾನೇ ಮೂಡುತ್ತದೆ. ಯಾವ ಬಟ್ಟೆಯಿಂದ ಯಾವ ಬಟ್ಟೆಗೆ ಬೇಕಾದರೂ ಅದು ಹೋಗುತ್ತದೆ, ಸ್ವಲ್ಪ ಕುಳ್ಳಗಾದರೂ ನಕ್ಷತ್ರವೇ. ಕುದುರೆ, ಹಕ್ಕಿ, ಮನುಷ್ಯರ ಮುಖ ಇವು ಮಾತ್ರ ಕ್ಷಮಿಸುವುದಿಲ್ಲ. ಕುದುರೆ ಎಷ್ಟೆತ್ತರ ಇರಬೇಕು ಅಂತ ನಮ್ಮ ಕಣ್ಣಿಗೆ ಮೊದಲೇ ಗೊತ್ತಿರುತ್ತದೆ.

ಡಿಸೈನ್ ಯಾರದ್ದು ಅನ್ನುವುದನ್ನೂ ಒಮ್ಮೆ ಯೋಚಿಸಿ. ಪೆರುವಿನ ಟಿಟಿಕಾಕಾ ಸರೋವರದ ತಕೀಲೆ ದ್ವೀಪದಲ್ಲಿ ಗಂಡಸರು ಹೆಣೆಯುತ್ತಾರೆ, ಹೆಂಗಸರು ನೇಯುತ್ತಾರೆ. ಅವರ ಟೋಪಿ, ನಡುಪಟ್ಟಿಗಳ ಕಲೆಯನ್ನು 2005ರಲ್ಲಿ ಯುನೆಸ್ಕೊ ಗುರುತಿಸಿತು. ಅಲ್ಲಿ ಟೋಪಿ ನೋಡಿದರೆ ಹಾಕಿಕೊಂಡವನಿಗೆ ಮದುವೆಯಾಗಿದೆಯೋ ಇಲ್ಲವೋ ಅಂತ ಗೊತ್ತಾಗುತ್ತದೆ. ಅಂಥದ್ದನ್ನು ನಾವು ಬರೀ ಚೆಂದದ ಪಟ್ಟೆ ಅಂದುಕೊಂಡು ವೆಸ್ಟಿಗೆ ಅಂಟಿಸಿದರೆ ಚೆನ್ನಾಗಿರಲ್ಲ. ನಿಮಗಾಗಿ ಹೆಣೆದುಕೊಳ್ಳಿ, ಯಾರಾದರೂ ಕೇಳಿದರೆ ಊರಿನ ಹೆಸರು ಹೇಳಿ. ಮಾರುವುದಾದರೆ ನನಗೆ ಅದು ಸರಿ ಕಾಣಲ್ಲ.

ಈಗ ಬಿಚ್ಚುವ ವಿಚಾರ. ಮೊದಲು ಹೆಣಿಗೆಯನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಒತ್ತಿ, ಚಪ್ಪಟೆ ಹರವಿ ಒಣಗಿಸಿ. ಉದ್ದಕ್ಕೆ ಸ್ವಲ್ಪ ಎಳೆದು ಪಿನ್ ಹಾಕಿದರೆ ಕುದುರೆ ಒಂದರ್ಧ ಸೆಂ.ಮೀ. ಎತ್ತರ ಆಗಬಹುದು. ಜಾಸ್ತಿ ಆಸೆ ಬೇಡ, ಎಳೆದಷ್ಟೂ ವೆಸ್ಟಿನ ಅಗಲ ಕಡಿಮೆಯಾಗುತ್ತದೆ.

ಆಮೇಲೆ ಕುದುರೆಯ ಕಾಲಿನ ಕೆಳಗೆ ನೋಡಿ. ಅಲ್ಲಿ ಒಂದೇ ಬಣ್ಣದ ಖಾಲಿ ಜಾಗ ಇದೆಯಾ? ಇದ್ದರೆ ನೀವು ಬಚಾವ್. ಮೊಂಡು ಸೂಜಿಗೆ ಕುದುರೆಯ ಬಣ್ಣದ ನೂಲು ಪೋಣಿಸಿ. ಹಿಂದಿನಿಂದ ಸೂಜಿಯನ್ನು ಕುಣಿಕೆಯ ಕೆಳತುದಿಗೆ ತೆಗೆಯಿರಿ, ಮೇಲಿನ ಕುಣಿಕೆಯ ಎರಡೂ ಕಾಲಿನ ಹಿಂದೆ ಅಡ್ಡ ಹಾಯಿಸಿ, ಮತ್ತೆ ಹೊರಟಲ್ಲಿಗೇ ಇಳಿಸಿ. ಹಳೆಯ ಕುಣಿಕೆಯ ಮೇಲೆ ಹೊಸ ಕುಣಿಕೆ ಕೂತಿತು. ಹೀಗೆ ನಾಲ್ಕೂ ಕಾಲಿಗೆ ಕೆಳಗಡೆ ಐದೈದು ಸಾಲು ಇಳಿಸಿ, ಕಿವಿಯ ಮೇಲೆ ಒಂದೆರಡು ಏರಿಸಿ. ನೂಲನ್ನು ಬಿಗಿ ಎಳೆಯಬೇಡಿ, ಕೆಳಗಿನ ಬಣ್ಣ ಇಣುಕುತ್ತದೆ.

ಹೊಟ್ಟೆ ಸ್ವಲ್ಪ ಅಡ್ಡಡ್ಡವೇ ಉಳಿಯುತ್ತದೆ, ಅದಕ್ಕೆ ಮದ್ದಿಲ್ಲ. ಕಾಲಿನ ಕೆಳಗೆ ಅಂಚಿನ ಡಿಸೈನ್ ಬಂದುಬಿಟ್ಟಿದ್ದರೆ ಮಾತ್ರ ಬಿಚ್ಚಲೇಬೇಕು. ಹಾಗೆ ಬಿಚ್ಚುವುದಾದರೆ ಇವತ್ತು ಬೇಡ, ನಾಳೆ ಬೆಳಗ್ಗೆ ಬಿಚ್ಚಿ. ರಾತ್ರಿ ಕೂತು ಬಿಚ್ಚಿದ ನೂಲು ಯಾವತ್ತೂ ಗಂಟು ಹಾಕಿಕೊಳ್ಳುತ್ತದೆ, ಯಾಕೆ ಅಂತ ನನ್ನನ್ನು ಕೇಳಬೇಡಿ.